ಸೋತವರ ಗಿರ್ಮಿಟ್

ಡಯಾಲಿಸಿಸ್ ಕೋಣೆಯಲ್ಲಿ ಅಕ್ಕಪಕ್ಕ ಮಲಗುವ ಮೂವರಿಗೂ ನಾಲ್ಕು ತಾಸು ಕಳೆಯಲು ಇದ್ದದ್ದು ಒಂದೇ ಟಿವಿ. ಆಟ ಕಟ್ಟಿದವರು ನಿವೃತ್ತ ಟೀಚರ್ ಶಾಂತವ್ವ. ಕ್ರಿಕೆಟ್ ಆದರೆ ಎಲ್ಲರೂ ಪಂಡಿತರು, ಅದಕ್ಕೇ ಬೇಸ್‌ಬಾಲ್. ನೇರ ಪ್ರಸಾರ ಎಂದು ಅವರೇ ಹೇಳಿದ್ದರು. ಚೆಂಡು ಬರುವ ಮೊದಲೇ ಹೇಳಬೇಕು, ಹೊಡೆಯುತ್ತಾನೋ ತಪ್ಪುತ್ತಾನೋ. ಸೋತವರು ಮುಂದಿನ ಸಲ ಎಲ್ಲರಿಗೂ ಮಂಡಕ್ಕಿಯ ಗಿರ್ಮಿಟ್ ತರಬೇಕು.

“ಗುರುವಾರದಿಂದ ನಾ ಬರಂಗಿಲ್ರಿ ಟೀಚರ್,” ಎಂದ ಫಕೀರಪ್ಪ. “ಸೂಜಿ ಚುಚ್ಚಿಸ್ಕೊಂಡು ಚುಚ್ಚಿಸ್ಕೊಂಡು ಸಾಕಾಗೇತಿ.”

“ಬರಬ್ಯಾಡ ಬಿಡು. ಇವತ್ತರ ಗೆದ್ದು ಹೋಗು. ಈಗ ಹೊಡಿತಾನ ನೋಡು.”

ಮೂರನೆಯ ಮಂಚದ ಬಾಬುಸಾಬ ಎಂದಿನಂತೆ ಟೀಚರಿಗೆ ಹೂಂಗುಟ್ಟಿದ.

“ತಪ್ತಾನ,” ಎಂದ ಫಕೀರಪ್ಪ, ಹಟಕ್ಕೆ.

ಆಟಗಾರ ಹೊಡೆದ. ಕೊನೆತನಕ ಹೀಗೇ ಆಗಿ ಫಕೀರಪ್ಪನೇ ಸೋತ.

“ಸೋತು ಗಿರ್ಮಿಟ್ ತಿನ್ನಿಸದ ಹೋದಿ ಅಂದ್ರ ಮಂದಿ ಏನಂದಾರು?” ಎಂದರು ಶಾಂತವ್ವ.

“ಆತು, ಗುರುವಾರ ಒಂದs ಸಲ ಬರ್ತೀನ್ರಿ.”

“ಹೋದ ಸಲಾನೂ ಹಂಗs ಅಂದಿದ್ದಿ.”

ಫಕೀರಪ್ಪನಿಗೆ ಜೋಂಪು ಹತ್ತಿದ ಮೇಲೆ ನರ್ಸ್ ಬಗ್ಗಿ ಕೇಳಿದಳು, “ಈ ಮ್ಯಾಚ್ ಮುಂಜಾನೇನ ಮುಗದಿತ್ತಲ್ರಿ ಟೀಚರ್?”

“ಮೆಲ್ಲಕ ಮಾತಾಡವ್ವಾ,” ಎಂದು ಶಾಂತವ್ವ ಕಣ್ಣು ಮುಚ್ಚಿದರು. “ಗುರುವಾರಾನೂ ನಸುಕಿನಾಗ ಎದ್ದು ನೋಡೋದೈತಿ.”