ಬೆನ್ನಿಗೆ ಕಟ್ಟಿದ ಸೋರೆಬುರುಡೆ

ಗದಿಗೆಪ್ಪ ಮುತ್ಯಾನಿಗೆ ಅಂಜಿಕೆ ಅಂದರೆ ಏನಂತಲೇ ಗೊತ್ತಿರಲಿಲ್ಲ...

ಓಣಿಯ ಅಪ್ಪಂದಿರಿಗೂ, ಆಮೇಲೆ ಅವರ ಮಕ್ಕಳಿಗೂ ಮೆಟ್ಟಿಲು ಬಾವಿಯಲ್ಲಿ ಈಜು ಕಲಿಸಿದ ಮನುಷ್ಯ. ಬೇಸಿಗೆ ಬಂತೆಂದರೆ ಒಣಗಿದ ಸೋರೆಬುರುಡೆಯನ್ನು ಹುಡುಗರ ಬೆನ್ನಿಗೆ ಕಟ್ಟಿ, "ಹೂಂ, ಕಪ್ಪಿ ಹಂಗ ಕಾಲು ಬಡಿ!" ಅಂತ ನೀರಿಗೆ ಬಿಡುತ್ತಿದ್ದ.

ಅಂಥವನನ್ನು ಒಂದು ಬೆಳಿಗ್ಗೆ ಭಯ ಹಿಡಿಯಿತು.

ಚಹಾದಂಗಡಿಯಲ್ಲಿ ಗೆಳೆಯ ಫಕೀರಪ್ಪ ಪಕ್ಕದಲ್ಲೇ ಕೂತಿದ್ದ. ಏನೋ ಚೇಷ್ಟೆ ಮಾಡಿ ನಕ್ಕ, ಗ್ಲಾಸು ಕೆಳಗಿಟ್ಟ, ಗೋಡೆಗೆ ಒರಗಿದ... ಮತ್ತೆ ಏಳಲಿಲ್ಲ.

ಅವತ್ತಿನಿಂದ ಮುತ್ಯಾನ ಎದೆ ಹೊಡೆದುಕೊಳ್ಳೋಕೆ ಶುರುವಾಯಿತು. ತುತ್ತು ಗಂಟಲಲ್ಲಿ ಇಳಿಯದು. ಕಣ್ಣು ಮುಚ್ಚಿದರೆ ಮತ್ತೆ ತೆರೆಯುತ್ತೇನೋ ಇಲ್ಲವೋ ಅನ್ನೋ ದಿಗಿಲು... ಗಳಿಗೆಗೊಮ್ಮೆ ತನ್ನ ನಾಡಿ ತಾನೇ ಹಿಡಿದು ನೋಡುತ್ತಿದ್ದ.

ಇಸಿಜಿ ಆಯಿತು, ರಕ್ತ ಪರೀಕ್ಷೆ ಆಯಿತು... ಎಲ್ಲಾ ನಾರ್ಮಲ್. ಡಾಕ್ಟರು ಆಸ್ಪತ್ರೆಯ ಕೌನ್ಸೆಲಿಂಗ್ ರೂಮಿಗೆ ಕಳಿಸಿದರು.

ಅಲ್ಲಿದ್ದವಳು ಸುನಂದಾ ಮೇಡಂ. ಒಳ್ಳೆಯ ಹೆಣ್ಣುಮಗಳು. ಹೆಂಡತಿ ತೀರಿಕೊಂಡ ಮೇಲೆ ಮೂಲೆ ಹಿಡಿದು ಕೂತಿದ್ದ ಮೇಷ್ಟ್ರೊಬ್ಬರನ್ನು ಒಂದೇ ಒಂದು ಪ್ರಶ್ನೆ ಕೇಳಿ ಎಬ್ಬಿಸಿ ನಿಲ್ಲಿಸಿದವಳು. ಅದೇ ಪ್ರಶ್ನೆಯನ್ನು ಮುತ್ಯಾನಿಗೂ ಕೇಳಿದಳು.

"ಅಜ್ಜಾರ, ಸಾವು ಯಾರನ್ನೂ ಬಿಟ್ಟಿಲ್ಲ. ಅದಕ್ಕ ಬೆನ್ನು ಕೊಡಬ್ಯಾಡ್ರಿ, ಮುಖ ಕೊಟ್ಟು ನೋಡ್ರಿ. ಉಳಿದ ದಿನ ಯಾತಕ್ಕ ಬದುಕ್ತೀರಿ? ಅದನ್ನ ನೀವ ಆರಿಸ್ಕೋಬೇಕು..."

ಮಾತು ಸುಳ್ಳಲ್ಲ. ಆದರೆ ಮುತ್ಯಾನ ಕಿವಿಗೆ ಬಿದ್ದದ್ದು ಅಷ್ಟೇ... ಸಾವು ಯಾರನ್ನೂ ಬಿಟ್ಟಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಉಸಿರೇ ಸಿಗದಂತಾಯಿತು. "ಇಳಸ್ರೋ... ನನ್ನ ಇಳಸ್ರೋ!" ನಡುದಾರಿಯಲ್ಲಿ ಇಳಿದು ಧೂಳಿನಲ್ಲೇ ಕೂತುಬಿಟ್ಟ. ಹೆಂಡತಿ ಶಿವಗಂಗವ್ವ ಸೆರಗಿನಿಂದ ಗಾಳಿ ಹಾಕುತ್ತಾ ಬೆನ್ನು ಸವರಿದಳು.

ಮಾರನೆಯ ದಿನ ಅವಳೊಬ್ಬಳೇ ಆಸ್ಪತ್ರೆಗೆ ಹೋದಳು.

"ಏನವಾ ತಂಗಿ, ಮುಳುಗಾಕತ್ತಾವಗ ಬಾವಿ ಎಷ್ಟು ಆಳ ಐತಿ ಅಂತ ಹೇಳ್ತಾರೇನು? ಮೊದಲು ಬೆನ್ನಿಗೆ ಸೋರೆಬುರುಡಿ ಕಟ್ಟಬೇಕಿಲ್ಲೋ?"

ಸುನಂದಾ ವಾದ ಮಾಡಲಿಲ್ಲ. "ತಪ್ಪಾತ್ರೀ ಅವ್ವಾರ... ಪ್ರಶ್ನೆ ಖರೆ ಇತ್ತು, ಹೊತ್ತು ಸರಿ ಇರಲಿಲ್ಲ."

ಮುಂದಿನ ಸಲ ಅವಳೇ ಮುತ್ಯಾನ ಕೈ ಹಿಡಿದು ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಗುಳಿಗೆ ಶುರುವಾದವು. ಎದೆ ಹೊಡೆದುಕೊಂಡಾಗ, ಬಿಸಿ ಚಹಾ ಆರಿಸಿದ ಹಾಗೆ ಉಸಿರನ್ನು ಮೆಲ್ಲಗೆ ಬಿಡೋದು ಕಲಿಸಿದಳು.

ಸಂಜೆ ಹೆಂಡತಿ ಜೊತೆ ಓಣಿಯ ಕೊನೆತನಕ ನಡಿಗೆ. ದೊಡ್ಡ ಮಾತು ಒಂದೂ ಇಲ್ಲ...

ನಿದ್ದೆ ಬಂತು. ಹಸಿವಾಯಿತು. "ಮುತ್ಯಾ ಆರಾಮ ಆದ" ಅಂದರು ಓಣಿಯವರು.

ಆದರೆ ಬೇಸಿಗೆ ಬಂದು ಹುಡುಗರು ಕರೆದಾಗ, "ಮುಂದಿನ ವರ್ಷ ನೋಡೂಣು" ಅಂದ. ಗೂಟಕ್ಕೆ ತೂಗಿದ್ದ ಸೋರೆಬುರುಡೆಗೆ ಜೇಡ ಬಲೆ ಕಟ್ಟಿತು.

ಗುಳಿಗೆ ನುಂಗೋದು, ಕಟ್ಟೆಯ ಮೇಲೆ ಕೂರೋದು, ಮತ್ತೆ ಗುಳಿಗೆಯ ಹೊತ್ತು ಕಾಯೋದು. ಇದೇ ಸುರಕ್ಷಿತ ಅಂತ ಅವನ ಲೆಕ್ಕ... ಸಾಯುತ್ತಿರಲಿಲ್ಲ, ಖರೆ. ಬದುಕುತ್ತಲೂ ಇರಲಿಲ್ಲ.

ಒಂದು ದಿನ ಆಸ್ಪತ್ರೆಯ ತನ್ನ ರೂಮಿನಲ್ಲಿ ಸುನಂದಾ ಕೇಳಿದಳು. "ಅಜ್ಜಾರ, ಹುಡುಗರ ಬೆನ್ನಿನ ಬುರುಡಿ ಯಾವಾಗ ಬಿಚ್ತಿದ್ರಿ? ಅಂಜಿಕಿ ಪೂರಾ ಹೋದ ಮ್ಯಾಲೇನು?"

"ಅಂಜಿಕಿ ಎಲ್ಲಿ ಹೋಗ್ತೈತಿ ತಂಗಿ? ಅಂಜಿಕೋತ ಕಾಲು ಬಡಿಯಾಕ ಕಲಿತ್ರ ಸಾಕು... ಬಿಚ್ಚೂದ."

ಅಂದ ಮುತ್ಯಾ. ತನ್ನ ಮಾತು ತನಗೇ ಕೇಳಿಸಿತ್ತು.

"ಗುಳಿಗಿ ಡಾಕ್ಟರು ಹೇಳೂತನ ಇರಲಿ. ಆದರ ಅವತ್ತಿನ ಪ್ರಶ್ನೆ ಇವತ್ತು ಕೇಳ್ತೀನಿ, ಸಣ್ಣದು ಮಾಡಿ... ಈಜು ಕಲಿಸೂದು ಇನ್ನೂ ಯಾರಿಗೆ ಉಳದೈತಿ?"

"ಯಾರದಾರ? ಇಡೀ ಓಣಿಗೆ ಕಲಿಸೀನಿ."

"ನಾ ಇಲ್ಲೇನು?" ಬಾಗಿಲ ಬಳಿ ನಿಂತಿದ್ದ ಶಿವಗಂಗವ್ವ ಅಂದಳು.

ಮುತ್ಯಾ ಬಹಳ ದಿನದ ಮೇಲೆ ನಕ್ಕ. "ಈ ವಯಸ್ಸಿನ್ಯಾಗ? ಎಮ್ಮಿ ಬಿದ್ದಂಗ ಬೀಳ್ತಿ!"

ಅವಳು ನಗಲಿಲ್ಲ.

"ಮದವಿ ಆದಾಗಿಂದ, ನೀವು ಮುಳುಗಿದಾಗೊಮ್ಮೆ ನಾ ಮೆಟ್ಟಲ ಮ್ಯಾಲೆ ಉಸಿರು ಹಿಡ್ಕೊಂಡು ನಿಂತೀನ್ರೀ... ನಿಮ್ಮ ತಲಿ ನೀರಿಂದ ಮ್ಯಾಲೆ ಬರೂತನ. ನೀವು ಈಗ ಅಂಜಾಕತ್ತೀರಿ. ನಾ ಆವಾಗಿಂದ ಅಂಜೀನಿ... ಎಂದಾರ ಕೇಳೀರೇನು?"

ಗದಿಗೆಪ್ಪನ ಕಣ್ಣು ತುಂಬಿದವು. ಈ ಭಯ ತನ್ನೊಬ್ಬನದೇ ಅಂದುಕೊಂಡಿದ್ದ... ಅದು ಅವನ ಮನೆಯಲ್ಲೇ, ಅವನಿಗೆ ರೊಟ್ಟಿ ಬಡಿಯುತ್ತಾ, ಇಷ್ಟು ವರ್ಷ ಬಾಳಿತ್ತು.

ಮರುದಿನ ಬೆಳಕು ಹರಿಯೋ ಹೊತ್ತಿಗೆ ಇಬ್ಬರೂ ಬಾವಿಗೆ ಇಳಿದರು. ಅವಳು ಸೀರೆಗೆ ಕಚ್ಚೆ ಹಾಕಿದ್ದಳು. ಬೆನ್ನಿಗೆ ಸೋರೆಬುರುಡೆ ಕಟ್ಟುವಾಗ ಮುತ್ಯಾನ ಎದೆ ಮತ್ತೆ ಡವಡವ ಅಂದಿತು. ಆದರೂ ಗಂಟು ಬಿಗಿದ.

"ಕೈ ಬಿಡಬ್ಯಾಡ್ರಿ ಮತ್ತ!"

"ಬಿಡೂದಿಲ್ಲ. ಕಪ್ಪಿ ಹಂಗ ಕಾಲು ಬಡಿ."

ಹಿಂದೆಯೇ ಹುಡುಗರೂ ಬಂದರು. ದಂಡೆಯ ಮೇಲೆ ಕೂತು, "ಆಯಿ, ಬಡಿ! ಬಡಿ!" ಅಂತ ಕೂಗಿದರು.

ಬೇಸಿಗೆ ಮುಗಿಯುವ ಮುಂಚೆ ಆ ದಿನವೂ ಬಂತು. ಮುತ್ಯಾನೇ ಅವಳ ಬೆನ್ನಿನ ಗಂಟು ಬಿಚ್ಚಿದ.

ಶಿವಗಂಗವ್ವ ನೀರಿಗೆ ಬಿದ್ದಳು... ಮುಳುಗಿದಳು.

ಮುತ್ಯಾ ಮೆಟ್ಟಿಲ ಮೇಲೆ ನಿಂತಿದ್ದ. ಇಳಿಯೋಕೆ ಒಂದು ಕಾಲು ಮುಂದಿಟ್ಟು... ನೀರನ್ನೇ ನೋಡುತ್ತಾ...

ಬುಳುಕ್ಕನೆ ತಲೆ ಮೇಲೆ ಬಂತು. ಬಾಯಿಯ ನೀರು ಉಗುಳಿ, ಕಾಲು ಬಡಿಯುತ್ತಲೇ ಅವಳು ಗಂಡನ ಮುಖ ನೋಡಿದಳು.

"ಉಸಿರು ಬಿಡ್ರೀ ಇನ್ನ!"

~

ಆಳದ ಮಾತು ಆಡೋ ಮುಂಚೆ ಆಸರೆ ಕಟ್ಟಬೇಕು... ಕಟ್ಟಿದ ಆಸರೆಯನ್ನು ಒಂದು ದಿನ ಬಿಚ್ಚುವ ಧೈರ್ಯವೂ ಬೇಕು.

ನೀವು ಮುಳುಗಿದಾಗಲೆಲ್ಲ ಮೆಟ್ಟಿಲ ಮೇಲೆ ಉಸಿರು ಹಿಡಿದು ನಿಂತವರು ಯಾರು... ಅವರನ್ನು ಒಮ್ಮೆಯಾದರೂ ಕೇಳಿದ್ದೀರಾ?