ಸ್ವಲ್ಪ ಎಡಕ್ಕೆ

ಕಳ್ಳತನ ಸ್ವಂತ ಮನೆಯಲ್ಲೇ ಆದರೂ ಅವಳು ಮೊದಲು ಬಾಗಿಲ ಚಿಲಕ ಹಾಕಿಕೊಂಡಳು. ಗಂಡ ಆಫೀಸಿಗೆ ಹೊರಟ ಹತ್ತು ನಿಮಿಷಕ್ಕೆ ಅವನ ಗಾಜಿನ ಬೀರು ತೆಗೆದು, ಐದು ಲೆನ್ಸುಗಳನ್ನು ಟವೆಲ್ಲಿನಲ್ಲಿ ಸುತ್ತಿ ತರಕಾರಿ ಚೀಲಕ್ಕೆ ಹಾಕಿದಳು. ಫೋಟೋಗಳಿದ್ದ ಮೆಮೊರಿ ಕಾರ್ಡನ್ನು ಕರವಸ್ತ್ರದ ತುದಿಗೆ ಗಂಟು ಕಟ್ಟಿಕೊಂಡಳು. ಕ್ಯಾಮೆರಾ ರಿಪೇರಿ ಅಂಗಡಿ ಎರಡೇ ಬೀದಿಯಾಚೆ.

"ಇವುಗಳಲ್ಲಿ ಯಾವುದು ಕೆಟ್ಟಿದೆ ನೋಡಿ ಹೇಳಿ ಅಣ್ಣ. ಒಂದರಲ್ಲೂ ನನ್ನ ಮುಖ ಸರಿಯಾಗಿ ಬರ್ತಿಲ್ಲ. ಸೋಮವಾರ ನನಗೆ ಆಪರೇಷನ್ನು."

ರಿಪೇರಿಯವರು ತಲೆಯೆತ್ತಿ ಅವಳ ಬಲದವಡೆಯ ಊತ ನೋಡಿದರು. ಮೊದಲ ಲೆನ್ಸನ್ನು ಬೆಳಕಿಗೆ ಹಿಡಿದರು.

ಅವತ್ತು ಶನಿವಾರ. ದವಡೆಯ ಮೂಳೆ ಅರ್ಧ ತೆಗೆಯಬೇಕು, ಆಮೇಲೆ ಮುಖ ಈಗಿನ ಹಾಗಿರುವುದಿಲ್ಲ ಎಂದು ಡಾಕ್ಟರು ಹೇಳಿ ಒಂದೂವರೆ ತಿಂಗಳಾಗಿತ್ತು. ಅವಳು ಅತ್ತದ್ದು ಒಂದೇ ಸಲ. ಕೇಳಿದ್ದೂ ಒಂದೇ: ಇರುವ ಮುಖದ್ದೊಂದು ಒಳ್ಳೆಯ ಫೋಟೋ. ಮದುವೆಯಾದಾಗಿನಿಂದ ಗಂಡ ಎಲೆಯ ಮೇಲಿನ ಇರುವೆ, ನಲ್ಲಿಯ ತುದಿಯ ಹನಿ, ತುಕ್ಕು ಹಿಡಿದ ಬೀಗ ಎಲ್ಲವನ್ನೂ ಹಿಡಿದಿದ್ದ. ಆಫೀಸಿನಲ್ಲಿ ಅವನಿಗೆ ಲೆನ್ಸ್ ಸಾಹೇಬ ಎಂದೇ ಹೆಸರು. ಹೆಂಡತಿಯ ಸರದಿ ಬಂದಿರಲಿಲ್ಲ, ಅಷ್ಟೇ.

"ಅದಕ್ಕೇನಂತೆ, ತೆಗೆಯೋಣ. ಆದ್ರೆ ಮುಖಕ್ಕೆ ಬೇರೆ ಲೆನ್ಸೇ ಬೇಕು," ಎಂದಿದ್ದ. ಮೂರನೆಯ ದಿನ ಲೆನ್ಸು ಮನೆಗೆ ಬಂತು.

ಪ್ರತಿ ಭಾನುವಾರ ನಾಲ್ಕು ಗಂಟೆಗೆ ಮಲಗುವ ಕೋಣೆಯಲ್ಲಿ ಸಿದ್ಧತೆ. ಕುಡಿದ ಲೋಟ ತೊಳೆದಿಟ್ಟವನಲ್ಲ. ಈಗ ಕಿಟಕಿಯ ಗಾಜು, ಅಲ್ಮೇರಾದ ಕನ್ನಡಿ, ನೆಲ ಎಲ್ಲವನ್ನೂ ತಾನೇ ಒರೆಸುತ್ತಿದ್ದ. ಬೆಳಕು ಚೆದುರಬಾರದೆಂದು ಕಪ್ಪು ಅಂಗಿ ತೊಡುತ್ತಿದ್ದ. ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, "ಸ್ವಲ್ಪ ಎಡಕ್ಕೆ... ಇನ್ನೂ ಸ್ವಲ್ಪ... ಹಾಂ, ಅಲ್ಲಾಡ್ಬೇಡ," ಎನ್ನುತ್ತಿದ್ದ. ಹದಿನೆಂಟು ವರ್ಷದಲ್ಲಿ ಅವಳ ಕಡೆ ಅಷ್ಟು ಹೊತ್ತು ಅವನು ಯಾವತ್ತೂ ನೋಡಿರಲಿಲ್ಲ. ಅವಳಿಗೆ ಈ ವಯಸ್ಸಿನಲ್ಲೂ ನಾಚಿಕೆಯಾಗುತ್ತಿತ್ತು, ಸಂತೋಷವೂ ಆಗುತ್ತಿತ್ತು.

"ಆಹಾ! ಬಂತು ನೋಡು, ಎಷ್ಟು ಶಾರ್ಪಾಗಿದೆ!"

"ಕೊಡಿ ಇಲ್ಲಿ, ನಾನೂ ನೋಡ್ತೀನಿ."

"ಈ ಪುಟ್ಟ ಪರದೇಲಿ ಏನು ಗೊತ್ತಾಗುತ್ತೆ? ಪ್ರಿಂಟು ಬರ್ಲಿ."

ಪ್ರಿಂಟು ಬರುತ್ತಿತ್ತು. ಸುತ್ತ ಬ್ಲೇಡಿನಿಂದ ಕತ್ತರಿಸಿದ ಅಂಗೈಯಗಲದ ಚೂರು. ಅದರಲ್ಲಿ ಮಂಜು ಕವಿದ ಒಂದು ಮುಖ. ಕಣ್ಣೆಲ್ಲಿ, ಮೂಗೆಲ್ಲಿ ಎಂದು ಹುಡುಕಬೇಕು. "ಛೆ, ಈ ಲೆನ್ಸೇ ಸರಿಯಿಲ್ಲ ಕಣೇ. ಬೇರೆ ತರಿಸ್ತೀನಿ," ಎನ್ನುತ್ತಿದ್ದ. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಅವಳು ಮನಸ್ಸಿನಲ್ಲೇ ನಕ್ಕಳು. ಎರಡನೆಯದು ಬಂತು. ಮೂರನೆಯದಕ್ಕೆ ಕ್ಯಾಮೆರಾವೇ ಬದಲಾಯಿತು. ಐದನೆಯದರ ಹೊತ್ತಿಗೆ ಅವಳಿಗೆ ನಗು ಬರಲಿಲ್ಲ.

ಯಾಕೆಂದರೆ ಕಳೆದ ಭಾನುವಾರ ಅವಳು ಹಿಂದೆ ತಿರುಗಿ ನೋಡಿದ್ದಳು. ಬೆನ್ನ ಹಿಂದೆ ಕಿಟಕಿ. ಕಿಟಕಿಯಾಚೆ ಎದುರುಮನೆಯ ಬಾಲ್ಕನಿ. ಅಲ್ಲಿ ನಾಲ್ಕು ಗಂಟೆಗೆ ಸರಿಯಾಗಿ ಹೊಲಿಗೆ ಮಿಷನ್ನಿನ ಮುಂದೆ ಕೂರುವ ಟೈಲರಮ್ಮ. ನೀಳ ಕುತ್ತಿಗೆ, ಊತವಿಲ್ಲದ ದವಡೆ. ಸ್ವಲ್ಪ ಎಡಕ್ಕೆ ಎನ್ನುತ್ತಿದ್ದದ್ದು ಯಾರಿಗೆ ದಾರಿ ಬಿಡಿಸಲು ಎಂದು ಅವಳಿಗೆ ಆಗ ಹೊಳೆಯಿತು. ವಾರವಿಡೀ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಊತಕ್ಕೆ ಇರಬೇಕು ಎಂದ ಗಂಡ.

ರಿಪೇರಿಯವರು ಐದನೆಯ ಲೆನ್ಸನ್ನು ಕೆಳಗಿಟ್ಟರು. "ಒಂದರಲ್ಲೂ ದೋಷ ಇಲ್ಲಮ್ಮ. ಮಗು ಥರ ನೋಡ್ಕೊಂಡಿದ್ದಾರೆ."

"ಹಾಗಾದ್ರೆ ನನ್ನ ಮುಖ?"

"ತೆಗೆದ ಫೋಟೋ ಇದ್ರೆ ಕೊಡಿ."

ಅವಳು ಕರವಸ್ತ್ರದ ಗಂಟು ಬಿಚ್ಚಿದಳು. ಅವರು ಕಾರ್ಡನ್ನು ಕಂಪ್ಯೂಟರಿಗೆ ಹಾಕಿದರು. ಬ್ಲೇಡು ತಾಗದ ಇಡೀ ಫೋಟೋವನ್ನು ಅವಳು ನೋಡಿದ್ದು ಅದೇ ಮೊದಲು. ಅವಳು ಮಧ್ಯದಲ್ಲಿರಲಿಲ್ಲ. ಒಂದು ಅಂಚಿನಲ್ಲಿ ಕರಗಿದ ಮೇಣದಂತೆ ಕೂತಿದ್ದಳು. ರಿಪೇರಿಯವರು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು.

"ಇವ್ರು ಫೋಕಸ್ಸು ನಿಮ್ಮ ಮೇಲೆ ಇಟ್ಟೇ ಇಲ್ಲಮ್ಮ. ನಿಮ್ಮ ಹಿಂದೆ ಇಟ್ಟಿದ್ದಾರೆ. ಹತ್ತಿರದಲ್ಲಿ ಏನಾದ್ರೊಂದು ಮಸುಕಾಗಿದ್ರೆ ಹಿಂದಿರೋದು ಎದ್ದು ಕಾಣುತ್ತೆ. ಅದಕ್ಕೇ ಏನನ್ನಾದ್ರೂ ಅಡ್ಡ ಇಟ್ಕೊಳ್ತಾರೆ. ಎಲೆ, ಹೂಕುಂಡ, ಏನಾದ್ರೂ ನಡೆಯುತ್ತೆ."

ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿ ತಲೆ ತಗ್ಗಿಸಿದರು.

"ಕಿಟಕಿ ದೊಡ್ಡದು ಮಾಡಿ," ಎಂದಳು ಅವಳು. "ಅವಳನ್ನ ನೋಡ್ಬೇಕು ನಾನು."

ಕಿಟಕಿ ದೊಡ್ಡದಾಯಿತು. ಬಾಲ್ಕನಿ ಕಲಸಿಹೋಗಿತ್ತು. ಟೈಲರಮ್ಮ ಬರೀ ಒಂದು ಬಣ್ಣದ ಮಚ್ಚೆ, ಅವಳಿಗೂ ಮುಖವಿರಲಿಲ್ಲ. ಎರಡನೆಯ ಫೋಟೋದಲ್ಲೂ ಅಷ್ಟೇ, ಐದನೆಯದರಲ್ಲೂ ಅಷ್ಟೇ. ಎದೆ ಹಗುರಾಗಿ ಅವಳಿಗೆ ಅಳುವೇ ಬಂತು. ಛೆ, ದೇವರಂಥ ಗಂಡನ ಮೇಲೆ ಎಂಥ ಅನುಮಾನ ಪಟ್ಟುಬಿಟ್ಟೆ ಎಂದುಕೊಳ್ಳುವಷ್ಟರಲ್ಲಿ ರಿಪೇರಿಯವರು, "ಅಲ್ಲಲ್ಲಮ್ಮ, ಇಲ್ಲಿ," ಎಂದು ಕಿಟಕಿಯ ಪಕ್ಕಕ್ಕೆ ಬೆರಳಿಟ್ಟರು.

ಫಳಫಳ ಒರೆಸಿದ ಅಲ್ಮೇರಾದ ಕನ್ನಡಿಯಲ್ಲಿ, ಕಪ್ಪು ಅಂಗಿಯ ಕತ್ತಲೆಯ ನಡುವೆ, ಎರಡು ಕೈಗಳು ಆತುಕೊಂಡ ಕ್ಯಾಮೆರಾ. ಅದರ ಹೊಸ ಲೆನ್ಸಿನ ಸುತ್ತ ಕೆತ್ತಿದ್ದ ಸಣ್ಣ ಅಕ್ಷರಗಳು ತಿರುಗುಮುರುಗಾಗಿದ್ದರೂ ಒಂದೊಂದೂ ಕನ್ನಡಕವಿಲ್ಲದೆ ಓದುವಷ್ಟು ಸ್ಪಷ್ಟವಾಗಿದ್ದವು. ಐದು ಭಾನುವಾರ, ಐದು ಲೆನ್ಸು, ಒಂದೊಂದಕ್ಕೂ ಒಂದೊಂದು ಫೋಟೋ.

ಸವತಿಯಾಗಿದ್ದರೆ ಜುಟ್ಟು ಹಿಡಿದು ಜಗಳವಾದರೂ ಆಡಬಹುದಿತ್ತು.