ಮೂರನೆಯ ಸಲ

ಅವಳು ಫೈಲನ್ನು ಮೂರನೆಯ ಸಲ ಬಿಚ್ಚಲು ಹೋದಾಗ ಅಣ್ಣ ಅದರ ಮೇಲೆ ಅಂಗೈ ಊರಿಬಿಟ್ಟ.

"ಸಾಕು ಕಣೇ. ಡಿಪ್ಲೊಮಾ ಇದೆ. ನಿಂಗೆ ಕೆಂಪು ಕೆಂಪಾಗೇ, ಹಸಿರು ಹಸಿರಾಗೇ ಕಾಣುತ್ತೆ ಅಂತ ಕಣ್ಣಿನ ಡಾಕ್ಟ್ರು ಬರ್ಕೊಟ್ಟಿದ್ದೂ ಇದೆ. ಬೆಂಕಿ ಆರ್ಸೋ ಟ್ರೈನಿಂಗು, ಹೈವೋಲ್ಟೇಜ್ ಕೋರ್ಸು, ಹಡಗಲ್ಲಿ ಟ್ರೈನಿಯಾಗಿ ದುಡಿದಿದ್ದರ ದಾಖಲೆ ಪುಸ್ತಕ, ಎಲ್ಲಾ ಇದೆ. ನೋಡ್ತಾ ನೋಡ್ತಾ ಎದ್ದು ಓಡಿಹೋಗಕ್ಕೆ ಅವೇನು ಕೋಳಿಮರಿಗಳಾ?"

ಇಲ್ಲದ್ದು ಒಂದೇ ಕಾಗದ: ಇವತ್ತಿನ ಮೌಖಿಕ ಪರೀಕ್ಷೆ ಪಾಸಾದ ಚೀಟಿ. ಅದು ಸಿಕ್ಕರೆ ಶುಕ್ರವಾರ ಹೊರಡುವ ಸರಕು ಹಡಗಿಗೆ ಅವಳೇ ಎಲೆಕ್ಟ್ರಿಕಲ್ ಆಫೀಸರ್. ಸಿಗದಿದ್ದರೆ ಆ ಜಾಗಕ್ಕೆ ಇನ್ನೊಬ್ಬರು ಕಾದಿದ್ದಾರೆಂದು ಹಡಗಿನ ಕಂಪನಿಯವರು ಪತ್ರದಲ್ಲೇ ತಿಳಿಸಿದ್ದರು. ಹಗಲೆಲ್ಲ ಅಣ್ಣನ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತಿ, ಸಂಜೆ ಕ್ಲಾಸಿಗೆ ಓಡಿ ದಕ್ಕಿಸಿಕೊಂಡ ಓದು. ಹಿಂದಿನ ಸಲ ಕೇಳಿದ್ದಕ್ಕೆಲ್ಲ "ಒಂದ್ಸಲ ನೋಡಿ ಹೇಳ್ಬೇಕು ಸರ್" ಎಂದು ತಡವರಿಸಿ ಫೇಲಾಗಿದ್ದಳು.

"ಇವತ್ತು ಕಡ್ಡಿ ಮುರಿದ ಹಾಗೆ ಉತ್ತರ ಕೊಡು," ಎಂದ ಅಣ್ಣ. "ತಲೆ ಮೇಲೆ ತಲೆ ಬಿದ್ರೂ 'ಇನ್ನೊಂದ್ಸಲ ನೋಡ್ತೀನಿ' ಅನ್ಬೇಡ. ಅಂಗಡಿ ಬೀಗ ಮೂರು ಸಲ ಎಳೆದು ನೋಡೋದನ್ನ ಇಲ್ಲೇ ನನ್ ಹತ್ರ ಬಿಟ್ಟು ಹೋಗು. ಗೊತ್ತಾಯ್ತಾ, ಮೂರ್ಸಲ?"

ಅದು ಅಂಗಡಿಯಲ್ಲಿ ಅವಳ ಅಡ್ಡಹೆಸರು. ಅವಳಿಗೆ ನಗು ಬಂತು. ಅಷ್ಟರಲ್ಲಿ ಮೇಲಿನ ಪರೀಕ್ಷಾ ಕೋಣೆಯಿಂದ ಕರೆ ಬಂತು.

ಪರೀಕ್ಷಕರು ಕನ್ನಡಕವನ್ನು ಹಣೆಗೇರಿಸಿಕೊಂಡ ವಯಸ್ಸಾದ ಮನುಷ್ಯ. ಪ್ರಶ್ನೆಗಳನ್ನು ಒಂದರ ಹಿಂದೆ ಒಂದು ಎಸೆದರು. ಹಡಗಿನ ಮೇನ್ ಪವರ್ ಹೋದರೆ? "ಎಮರ್ಜೆನ್ಸಿ ಜನರೇಟರ್ ನಲವತ್ತೈದು ಸೆಕೆಂಡೊಳಗೆ ತಾನೇ ಶುರುವಾಗ್ಬೇಕು ಸರ್." ಬ್ಯಾಟರಿ ಕೋಣೆಗೆ ಗಾಳಿ ಯಾಕೆ? "ಹೈಡ್ರೋಜನ್ ತುಂಬ್ಕೊಂಡ್ರೆ ಒಂದು ಕಿಡಿ ಸಾಕು ಸರ್." ಅವಳಿಗೇ ಅಚ್ಚರಿ. ಇಷ್ಟು ದಿನ ಈ ಉತ್ತರಗಳೆಲ್ಲ ಎಲ್ಲಿ ಅಡಗಿ ಕೂತಿದ್ದವು!

ಪರೀಕ್ಷಕರು ಎದ್ದು ಮೂಲೆಯ ಮೇಜಿನ ಬಳಿಗೆ ಕರೆದೊಯ್ದರು. ಅಲ್ಲೊಂದು ತೆರೆದ ಪ್ಯಾನೆಲ್: ಒಳಗೆ ತಾಮ್ರದ ಪಟ್ಟಿ, ಸ್ವಿಚ್ ಆಫ್, ಅದಕ್ಕೊಂದು ಬೀಗ, 'ಕೆಲಸ ನಡೆಯುತ್ತಿದೆ' ಎಂಬ ಫಲಕ. ಪಕ್ಕದ ಬೋರ್ಡಿನಲ್ಲಿ ಎರಡು ಸಾಕೆಟ್. ಒಂದರಿಂದ ಮೇಜಿನ ದೀಪ ಉರಿಯುತ್ತಿತ್ತು. ಅವರು ಟೆಸ್ಟರ್ ಕೊಟ್ಟು, "ಕರೆಂಟ್ ಇದೆಯಾ ನೋಡಿ. ಇಲ್ದಿದ್ರೆ ಆ ತಾಮ್ರದ ಪಟ್ಟಿ ಬಿಚ್ಚಿ," ಎಂದರು.

ಪಟ್ಟಿಗೆ ಟೆಸ್ಟರ್ ತಾಗಿಸಿದಳು. ಸೊನ್ನೆ. ಗಡಿಯಾರದ ಮುಳ್ಳು ಟಿಕ್ ಟಿಕ್ ಅನ್ನುತ್ತಿತ್ತು. ಕಡ್ಡಿ ಮುರಿದ ಹಾಗೆ, ಕಡ್ಡಿ ಮುರಿದ ಹಾಗೆ. ಕೈ ಪಟ್ಟಿಯ ಹತ್ತಿರಕ್ಕೆ ಹೋಯಿತು. ಬೆರಳಿಗೂ ತಾಮ್ರಕ್ಕೂ ನಡುವೆ ಒಂದಂಗುಲ ಇರುವಾಗ ನಿಂತುಬಿಟ್ಟಿತು.

"ಏನಾಯ್ತು?"

ಮುಗಿಯಿತು, ಶುಕ್ರವಾರದ ಹಡಗು ಹೋಯಿತು ಅಂದುಕೊಂಡಳು. ಆದರೂ ಬಾಯಿ ಕೇಳಲಿಲ್ಲ. "ಇನ್ನೊಂದ್ಸಲ ನೋಡ್ತೀನಿ ಸರ್."

ದೀಪದ ಪಕ್ಕದ ಸಾಕೆಟ್ಟಿಗೆ ಟೆಸ್ಟರ್ ಇಟ್ಟಳು. ಸೊನ್ನೆ! ಅದೇ ಬೋರ್ಡಿನಲ್ಲಿ ದೀಪ ಝಗಝಗ ಉರಿಯುತ್ತಿದೆ. ಅವಳು ಟೆಸ್ಟರನ್ನು ಮೇಜಿನ ಮೇಲಿಟ್ಟಳು.

"ಸರ್, ಈ ಟೆಸ್ಟರೇ ಸತ್ತುಹೋಗಿದೆ! ಇದ್ರ ಮಾತು ನಂಬಿ ನಾನು ಕೈ ಇಡಲ್ಲ."

ಅವರು ಜೇಬಿನಿಂದ ಬೇರೊಂದು ಟೆಸ್ಟರ್ ತೆಗೆದುಕೊಟ್ಟರು. ಸಾಕೆಟ್ಟಿಗೆ ಇಟ್ಟಳು, ಕರೆಂಟ್ ತೋರಿಸಿತು. ಪಟ್ಟಿಗೆ ಇಟ್ಟಳು, ಸೊನ್ನೆ. ಮತ್ತೆ ಸಾಕೆಟ್ಟಿನತ್ತ ಕೈ ನೀಡಿದಳು.

"ಈಗ ತಾನೇ ಸರಿ ಇತ್ತಲ್ಲಮ್ಮ?"

"ಆಗ ಸರಿ ಇತ್ತು ಸರ್. ನಡುವೆ ಕೆಟ್ಟಿದ್ರೆ?" ಈ ಸಲ ಮಾತು ತಡವರಿಸಲಿಲ್ಲ. ಟೆಸ್ಟರ್ ಮತ್ತೆ ಕರೆಂಟ್ ತೋರಿಸಿತು. ಆಮೇಲಷ್ಟೇ ಪಟ್ಟಿ ಬಿಚ್ಚಿದಳು.

"ಬೆಳಿಗ್ಗೆಯಿಂದ ಐದು ಜನ ನೇರ ಕೈ ಇಟ್ರು," ಎನ್ನುತ್ತ ಅವರು ಕನ್ನಡಕ ಕಣ್ಣಿಗಿಳಿಸಿ ಚೀಟಿ ಬರೆಯಲು ಕೂತರು.

"ಅಯ್ಯೋ! ಕರೆಂಟ್ ಇದ್ದಿದ್ರೆ ಸರ್?"

"ಇಲ್ಲಿ ಇರಲ್ಲಮ್ಮ. ಹಡಗಲ್ಲಿ ಇರುತ್ತೆ."

ಮೆಟ್ಟಿಲನ್ನು ಅವಳು ಇಳಿದಳೋ ಹಾರಿದಳೋ ಅವಳಿಗೇ ತಿಳಿಯಲಿಲ್ಲ. ಕೆಳಗೆ ಅಣ್ಣ ಫೈಲನ್ನು ಎದೆಗವಚಿಕೊಂಡು ನಿಂತಿದ್ದ. ಚೀಟಿಯನ್ನು ಅವನ ಕೈಗೆ ತುರುಕಿ, "ನೀನೇ ಓದು, ನಂಗೆ ನಂಬಿಕೆ ಇಲ್ಲ," ಎಂದಳು. ಅವನು ಓದಿದ.

"ಇನ್ನೊಂದ್ಸಲ."

ಓದಿದ. 'ಎಲೆಕ್ಟ್ರಿಕಲ್ ಆಫೀಸರ್' ಅನ್ನುವಲ್ಲಿ ಬೆರಳಿಟ್ಟು ನಿಂತ. ಅವಳು ಚೀಟಿಯನ್ನು ಫೈಲಿಗೆ ಸೇರಿಸಲು ಕೈ ಚಾಚಿದಳು. ಅಣ್ಣ ಕೊಡಲಿಲ್ಲ. ತೋಳಿನಿಂದ ಕಣ್ಣೊರೆಸಿಕೊಂಡು, ಚೀಟಿಯನ್ನು ಬೆಳಕಿಗೆ ಹಿಡಿದು, ಯಾರೂ ಕೇಳದಿದ್ದರೂ ಮತ್ತೆ ಮೊದಲಿನಿಂದ ಓದತೊಡಗಿದ.